ಒಣಗಿಸಿದ ಮಾವಿನ ವಾಟೆ ಎಸೆದರೆ ಕಾಡು ಬೆಳೆಯುತ್ತಾ?

ಬೇಸಿಗೆ ಬಂತು ಅಂದರೆ ಈ ಫಾರ್ವರ್ಡ್ ಬಂದೇ ಬರುತ್ತದೆ. ಮಾವು, ಹಲಸು, ನೇರಳೆ ತಿಂದ ಮೇಲೆ ಬೀಜ ತೊಳೆದು ಒಣಗಿಸಿ, ಕಾರಿನಲ್ಲಿಟ್ಟುಕೊಂಡು, ಮಳೆಗಾಲದಲ್ಲಿ ಬಯಲಲ್ಲಿ ಎಸೆಯಿರಿ, ಮರ ಬೆಳೆಯುತ್ತದೆ ಎಂದು. ಕಳಿಸುವವರ ಕಾಳಜಿ ನಿಜವಾದದ್ದೇ. ತಪ್ಪಿರುವುದು 'ಒಣಗಿಸಿ' ಎಂಬಲ್ಲಿ.

ಈ ಮೂರೂ ಬೀಜಗಳು ಹಸಿಯಾಗಿದ್ದರೆ ಮಾತ್ರ ಜೀವಂತ. ಒಳಗಿನ ನೀರು ಆರಿದರೆ ಕೆಲವೇ ವಾರಗಳಲ್ಲಿ ಸಾಯುತ್ತವೆ. ಹುಣಸೆ ಹಾಗಲ್ಲ, ಅದರ ಬೀಜ ಒಣಗಿದರೂ ಮೊಳೆಯುತ್ತದೆ.

ನೀವೇ ನೋಡಬಹುದು. ಹಣ್ಣು ತಿಂದ ದಿನವೇ ಒಂದು ವಾಟೆಯನ್ನು ಕುಂಡದಲ್ಲಿ ಹಾಕಿ. ಇನ್ನೊಂದನ್ನು ಒಂದೆರಡು ತಿಂಗಳು ಬಿಸಿಲಲ್ಲಿ ಒಣಗಿಸಿ ಹಾಕಿ. ಎರಡಕ್ಕೂ ಒಂದೇ ಥರ ನೀರು ಹಾಕಿ, ತಿಂಗಳು ಕಾಯಿರಿ. ನಾಲ್ಕೈದು ವಾಟೆ ಇಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಖಾಲಿ ಕಾಣುವ ಬಯಲೆಲ್ಲ ಪಾಳು ಅಲ್ಲ. ಕೃಷ್ಣಮೃಗಕ್ಕೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಹುಲ್ಲುಗಾವಲೇ ಮನೆ. ಎಲ್ಲಿ ಏನು ಬೆಳೆಯುತ್ತದೆ ಎಂದು ತಿಳಿಯಬೇಕಾ? 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿ, ಪುರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿಗಳನ್ನು ಜನರಿಂದಲೇ ಕೇಳಿ ಬರೆದಿಡುವುದು ಅದರ ಕೆಲಸ. ಆ ದಾಖಲೆ ಕೇಳಿ ಓದಿ. ಅದರಲ್ಲಿ ನಿಮ್ಮ ಅಜ್ಜಿಗೆ ಗೊತ್ತಿರುವ ಮರ ಬಿಟ್ಟುಹೋಗಿದ್ದರೆ, ಸೇರಿಸಲು ಹೇಳಿ.