ಮರಳಿನ ಲೆಕ್ಕ ಯಾರೂ ಕೇಳುವುದಿಲ್ಲ

ನಮ್ಮ ಚಿಕ್ಕಿ ಮನೆ ಕುಂದಾಪುರದ ಹತ್ತಿರ, ಕಡಲ ಬದಿಯಲ್ಲೇ. ನಾನು ಸಣ್ಣವನಿದ್ದಾಗ ಅವರ ಬಾವಿ ಅಂಗಳದ ಮೂಲೆಯಲ್ಲಿತ್ತು. ಬಾವಿಯಾಚೆ ಏಳೆಂಟು ತೆಂಗಿನಮರ, ಆಮೇಲೆ ಗಾಳಿಮರ, ಆಮೇಲೆ ಮರಳು, ಅದರಾಚೆ ಕಡಲು. ಈಗ ಆ ಬಾವಿ ಮರಳದಂಡೆಯಲ್ಲಿದೆ. ಬಾವಿ ಅಂದರೆ ಬರೀ ಸಿಮೆಂಟ್ ರಿಂಗು. ಸುತ್ತಲಿನ ಮರಳು ಕೊಚ್ಚಿಹೋಗಿ ಆಳೆತ್ತರದ ಕಂಬದ ಹಾಗೆ ನಿಂತಿದೆ. ಒಳಗೆ ಯಾರೋ ಎಸೆದ ಹರಿದ ಬಲೆ.

ಪ್ರತಿ ಜೂನ್-ಜುಲೈಯಲ್ಲಿ ಅದೇ ಕಥೆ. ಕಡಲು ಏರುತ್ತದೆ, ಎರಡು ಮರ ಬೀಳುತ್ತವೆ, ಟಿವಿಯವರು ಬರುತ್ತಾರೆ, ಹಿಂದೆಯೇ ಟಿಪ್ಪರ್‌ನಲ್ಲಿ ಕಲ್ಲು ಬರುತ್ತದೆ. ಸುರಿದು ಹೋಗುತ್ತಾರೆ. ಮುಂದಿನ ಮಳೆಗಾಲಕ್ಕೆ ನೋಡಿದರೆ, ಇಳಿತದ ಹೊತ್ತಿನಲ್ಲಿ ನಾಲ್ಕು ಕಲ್ಲಿನ ತಲೆ ಕಂಡರೆ ಪುಣ್ಯ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತಾರಲ್ಲ, ಇದು ಕಡಲಲ್ಲಿ.

ಕಲ್ಲನ್ನು ಯಾರೂ ಕದ್ದಿಲ್ಲ. ಇಳಿಜಾರು ಮರಳದಂಡೆಗೆ ಬಂದ ಅಲೆ ಹತ್ತುತ್ತಾ ಹತ್ತುತ್ತಾ ಸುಸ್ತಾಗುತ್ತದೆ. ಗೋಡೆಗೆ ಬಡಿದ ಅಲೆಗೆ ಸುಸ್ತಾಗಲು ಜಾಗವಿಲ್ಲ. ಅದೇ ಸಿಟ್ಟಿನಲ್ಲಿ ವಾಪಸ್ ಹೋಗುತ್ತದೆ, ಹೋಗುವಾಗ ಗೋಡೆಯ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಬುಡ ಹೋದರೆ ಕಲ್ಲು ಕುಸಿದು ಹೂತುಹೋಗುತ್ತದೆ. ಸರಿಯಾಗಿ ಕಟ್ಟುವ ಕ್ರಮ ಬೇರೆ: ಮೊದಲು ನೀರು ಬಿಟ್ಟು ಮರಳು ಹಿಡಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲೆ ಸಣ್ಣ ಕಲ್ಲು, ಅದರ ಮೇಲೆ ದೊಡ್ಡ ಕಲ್ಲು, ಬುಡವನ್ನು ಮರಳಿನೊಳಗೆ ಹೂತು. ಇದೆಲ್ಲ ಬೇಸಿಗೆಯಲ್ಲಿ ಆಗುವ ಕೆಲಸ. ಜುಲೈ ರಾತ್ರಿ ಟಾರ್ಚ್ ಹಿಡಿದು ಸುರಿಯುವುದಕ್ಕೆ ತಡೆಗೋಡೆ ಅನ್ನಬೇಕಾ?

ಚೆನ್ನಾಗಿ ಕಟ್ಟಿದರೂ ಒಂದು ತಕರಾರಿದೆ. ಮರಳು ಒಂದೇ ಕಡೆ ಕೂತಿರುವುದಿಲ್ಲ. ಮಳೆಗಾಲದ ಅಲೆ ಅದನ್ನು ಸ್ವಲ್ಪ ಆಳಕ್ಕೆ ಎಳೆದು ದಿಬ್ಬ ಮಾಡಿ ಇಡುತ್ತದೆ, ಮಳೆ ನಿಂತ ಮೇಲೆ ನಿಧಾನಕ್ಕೆ ತಂದು ಹಾಕುತ್ತದೆ. ಜೊತೆಗೆ ದಡದ ಉದ್ದಕ್ಕೂ ಊರಿಂದೂರಿಗೆ ಸಾಗುತ್ತಲೇ ಇರುತ್ತದೆ. ನಡುವೆ ಕಲ್ಲಿನ ದಂಡೆ ಹಾಕಿದರೆ ಒಂದು ಕಡೆ ಮರಳು ತುಂಬುತ್ತದೆ, ಇನ್ನೊಂದು ಕಡೆಯವರು ಉಪವಾಸ.

ಪುದುಚೇರಿಯಲ್ಲಿ ಆದದ್ದು ಇದೇ. 1989ರ ಹೊತ್ತಿಗೆ ಬಂದರು ಕಟ್ಟಿದರು. ದಕ್ಷಿಣದಿಂದ ಬರುತ್ತಿದ್ದ ಮರಳು ಬಂದರಿನ ಗೋಡೆಗೆ ಸಿಕ್ಕಿಕೊಂಡಿತು. ಉತ್ತರಕ್ಕಿದ್ದ ಪೇಟೆಯ ಬೀಚೇ ಮಾಯವಾಗಿ, ಎಷ್ಟೋ ವರ್ಷ ಅಲ್ಲಿ ಬರೀ ಕಪ್ಪು ಕಲ್ಲಿನ ರಾಶಿ. ಮರಳನ್ನು ಆಚೆ ದಾಟಿಸುವ ಏರ್ಪಾಡು ಮೊದಲ ಯೋಜನೆಯಲ್ಲೇ ಇತ್ತು, ನೆಟ್ಟಗೆ ನಡೆಸಲಿಲ್ಲ. ಕೊನೆಗೆ 2018ರ ಸುಮಾರಿಗೆ ನೀರಿನಡಿ ಉಕ್ಕಿನ ರೀಫ್, ಅಂದರೆ ಅಲೆ ಒಡೆಯುವ ದಿಬ್ಬ, ಇಟ್ಟು ಅಲೆಯ ಜೋರು ತಗ್ಗಿಸಿದರು. ಮರಳು ವಾಪಸ್ ಬಂತು. ನಾನು ಹೋದಾಗ ಮಕ್ಕಳು ಅಲ್ಲಿ ಗೂಡು ಕಟ್ಟುತ್ತಿದ್ದರು.

ನಮ್ಮ ಉಳ್ಳಾಲದಲ್ಲೂ ಎಡಿಬಿ (ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್) ಸಾಲದಲ್ಲಿ ಕಡಲೊಳಗೆ ರೀಫ್, ದಡದ ಹತ್ತಿರ ಬರ್ಮ್ ಅನ್ನುವ ತಡೆದಿಬ್ಬ ಎಲ್ಲ ಮಾಡಿದರು. ಅಲ್ಲಿ ಉಪಯೋಗವಾಗಿಲ್ಲ ಅನ್ನುವುದಿಲ್ಲ. ಆದರೆ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿ ಕಡೆಯವರನ್ನು ಕೇಳಿ, ಕಡಲು ಈಗ ನಮ್ಮ ಮನೆಗೆ ಬಂದಿದೆ ಅನ್ನುತ್ತಾರೆ.

ಡಚ್ಚರು 2011ರಲ್ಲಿ ಹೇಗ್ ನಗರದ ಹತ್ತಿರ ಇನ್ನೊಂದು ದಾರಿ ಹಿಡಿದರು. ಗೋಡೆ ಇಲ್ಲ, ಎರಡು ಕೋಟಿ ಘನ ಮೀಟರಿಗಿಂತ ಜಾಸ್ತಿ ಮರಳನ್ನು ಒಂದೇ ಕಡೆ ರಾಶಿ ಹಾಕಿ, ಹಂಚುವ ಕೆಲಸ ಗಾಳಿಗೂ ಅಲೆಗೂ ಬಿಟ್ಟರು. ಅಷ್ಟು ದುಡ್ಡು ನಮ್ಮಲ್ಲಿಲ್ಲ, ಗೊತ್ತು. ಆದರೆ ಅಳಿವೆಯಲ್ಲಿ ಹೂಳೆತ್ತಿದ ಒಳ್ಳೆ ಮರಳನ್ನು ಹತ್ತಿರದ ಕೊರೆತದ ಜಾಗಕ್ಕೆ ಹಾಕಬಹುದಲ್ವಾ? ಹೊಳೆಯ ಮರಳನ್ನು ಕಡಲು ಸೇರುವ ಮೊದಲೇ ಲಾರಿಗೆ ತುಂಬಿಸಿ, ಉಳಿದದ್ದನ್ನು ಕಿಂಡಿ ಅಣೆಕಟ್ಟಿನ ಹಿಂದೆ ನಿಲ್ಲಿಸಿ, ಆಮೇಲೆ ಕಡಲು ನಮ್ಮ ದಡ ತಿನ್ನುತ್ತದೆ ಅಂದರೆ? ಅದೂ ಪಾಪ, ಎಲ್ಲಿಂದ ತರಬೇಕು?

ಇದನ್ನೇ ಚಿಕ್ಕಿ ಹತ್ರ ಹೇಳಿದೆ. "ಬೆಂಗ್ಳೂರಂಗೆ ಕೂಕಂಡ್ ಹೇಳುಕೆ ಸಸಾರ ಮಗಾ, ಇಲ್ಲ್ ಬಂದ್ ಒಂದ್ ರಾತ್ರಿ ಮನ್ಕೋ" ಅಂದರು. ಬಾಯಿ ಮುಚ್ಚಿದೆ. ಮಲಗಿದ್ದವನ ಮಂಚ ಅಲೆಯ ಹೊಡೆತಕ್ಕೆ ಅದುರಿದರೆ ನಾನೂ ಕಲ್ಲು ತನ್ನಿ ಅಂತಲೇ ಕೂಗುತ್ತೇನೆ. ಮರವಂತೆಯಂಥ ಕಡೆ ಕಲ್ಲೇ ಗತಿ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಹಿಂದೆ ಸರಿಯಲು ಜಾಗವೆಲ್ಲಿದೆ?

ಜಾಗ ಇರುವ ಕಡೆ ಮಾತ್ರ ಆ ಜಾಗವನ್ನು ಕಡಲಿಗೂ ಮರಳಿಗೂ ಬಿಡಬೇಕು ಅನ್ನುವುದು ನನ್ನ ಹಟ. ಚಿಕ್ಕಿ ಮನೆಯ ಮುಂದಿನ ಮರಳುದಿಬ್ಬದ ಮೇಲೆ ಅಡುಂಬು ಬಳ್ಳಿ ಹಬ್ಬಿತ್ತು, ರಾವಣನ ಮೀಸೆ ಹುಲ್ಲು ಇತ್ತು. ಹಾರಿ ಬಂದ ಮರಳನ್ನು ಹಿಡಿದಿಟ್ಟು ದಿಬ್ಬ ಬೆಳೆಸುವುದೇ ಅವುಗಳ ಕೆಲಸ. ರಸ್ತೆ ಮಾಡುವಾಗ ಜೆಸಿಬಿ ತಂದು ಅದನ್ನು ಮಟ್ಟ ಮಾಡಿದರು. ಊರಿನವರೇ ಕೇಳಿ ಮಾಡಿಸಿಕೊಂಡ ರಸ್ತೆ ಅದು, ನಾವೂ ಚಪ್ಪಾಳೆ ತಟ್ಟಿದ್ದೆವು. ಸಾಲದ್ದಕ್ಕೆ 2019ರ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ, ಜನ ಜಾಸ್ತಿ ಇರುವ ಹಳ್ಳಿಗಳಲ್ಲಿ ಕಟ್ಟಡ ಕಟ್ಟಬಾರದ ಜಾಗವನ್ನು 200 ಮೀಟರ್‌ನಿಂದ 50ಕ್ಕೆ ಇಳಿಸಿದೆ. ಕೊರೆತದ ಊರಿನಲ್ಲಿ 50 ಮೀಟರ್ ಅಂದರೆ ಎಷ್ಟು ಮಳೆಗಾಲ, ನೀವೇ ಲೆಕ್ಕ ಹಾಕಿ.

ಮೊನ್ನೆ ಫೋನ್ ಮಾಡಿದ್ದೆ. ಈ ಸಲ ಚಿಕ್ಕಿ ಮನೆ ಎದುರು ಮೂರು ಟಿಪ್ಪರ್ ಕಲ್ಲು ಬಿದ್ದಿದೆಯಂತೆ. ಪಕ್ಕದ ಮನೆಯ ಎದುರು ಬರುವಷ್ಟರಲ್ಲಿ ಕಲ್ಲು ಮುಗಿಯಿತು. ಕಲ್ಲು ಮುಗಿದಲ್ಲಿಂದಲೇ ಅವರ ತೋಟ ಕೊರೆಯತೊಡಗಿದೆ. ಅವರೀಗ ಚಿಕ್ಕಿ ಹತ್ರ ಮಾತು ಬಿಟ್ಟಿದ್ದಾರೆ.