ಹಿಟ್ಟು ಹಳಸಿತ್ತು, ಬ್ರೆಡ್ ಉಬ್ಬಿತ್ತು

ಅಂಗಡಿಯ ಯೀಸ್ಟ್ ಇಲ್ಲದೆ, ಹುಳಿಹಿಟ್ಟಿನಿಂದಲೇ ಉಬ್ಬುವ ಸಾವರ್‌ಡೋ ಬ್ರೆಡ್ಡಿಗೆ ಬೇಕಾಗುವುದು ಮೂರೇ ಸಾಮಾನು: ಹಿಟ್ಟು, ನೀರು, ಉಪ್ಪು. ನಾಲ್ಕನೆಯದು ತಾಳ್ಮೆ ಅಂತ ಎಲ್ಲರೂ ಹೇಳುತ್ತಾರೆ. ತಪ್ಪು. ನಾಲ್ಕನೆಯದು ಥರ್ಮಾಮೀಟರ್.

ಫಜೀತಿ ಶುರುವಾಗುವುದೇ ಸ್ಟಾರ್ಟರ್‌ನಿಂದ, ಅಂದರೆ ಆ ಹುಳಿಹಿಟ್ಟಿನಿಂದ. ಗಾಜಿನ ಜಾಡಿಯಲ್ಲಿ 50 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ನೀರು ಕಲಸಿ ಮುಚ್ಚಳ ಸಡಿಲ ಬಿಟ್ಟು ಇಡಬೇಕು. ಬಿಗಿ ಮಾಡಿದರೆ ಒಳಗಿನ ಗಾಳಿ ಜಾಡಿಯನ್ನೇ ಒಡೆದೀತು. ಎರಡನೇ ದಿನ ಹಿಟ್ಟು ಭರ್ರನೆ ಉಬ್ಬುತ್ತದೆ, ಬಂಧುಬಳಗಕ್ಕೆಲ್ಲ ವಾಟ್ಸಾಪ್‌ನಲ್ಲಿ ಫೋಟೋ ಹೋಗುತ್ತದೆ. ಮೂರನೇ ದಿನ ಅದು ತಣ್ಣಗೆ ಮಲಗುತ್ತದೆ. ಸತ್ತೇಹೋಯಿತೆಂದು ಬಹಳ ಜನ ಕೈಚೆಲ್ಲುವುದು ಇಲ್ಲೇ. ಅಸಲಿಗೆ ಆ ಮೊದಲ ಉಬ್ಬರ ಯೀಸ್ಟಿನದ್ದಲ್ಲ, ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳದ್ದು. ಇಡ್ಲಿ ಹಿಟ್ಟನ್ನು ಉಬ್ಬಿಸುವ ಬಳಗವೇ. ಹುಳಿ ಏರಿದಂತೆ ಅವು ಜಾಗ ಖಾಲಿ ಮಾಡುತ್ತವೆ. ಹುಳಿ ತಾಳಬಲ್ಲ ಬ್ಯಾಕ್ಟೀರಿಯಾ ಮತ್ತು ಕಾಡು ಯೀಸ್ಟ್ ಬೇರೂರಲು ಒಂದು ವಾರ ಬೇಕು, ಕೆಲವೊಮ್ಮೆ ಎರಡು. ಅಷ್ಟು ದಿನವೂ 50 ಗ್ರಾಂ ಮಾತ್ರ ಉಳಿಸಿಕೊಂಡು, ಅದಕ್ಕೆ ಅಷ್ಟೇ ತೂಕದ ಹಿಟ್ಟು, ಅಷ್ಟೇ ನೀರು ಬೆರೆಸುತ್ತಿರಬೇಕು.

ಮಿಕ್ಕಿದ್ದನ್ನು ಚೆಲ್ಲಲು ಮನಸ್ಸು ಬಾರದವರು ಒಂದು ಲೆಕ್ಕ ಹಾಕಿ ನೋಡಲಿ. ಏನನ್ನೂ ತೆಗೆಯದೆ ಉಣಿಸುತ್ತ ಹೋದರೆ ಪ್ರತಿ ಸಲವೂ ಮೂರು ಪಟ್ಟು. 50 ಗ್ರಾಂ ಹಿಟ್ಟು ಏಳು ಊಟದಲ್ಲಿ 109 ಕೆ.ಜಿ. ದಾಟುತ್ತದೆ, ಮನೆಯವರು ಬೇರೆ ಮನೆ ನೋಡಬೇಕು. ಹಾಗಾಗಿ, ಸ್ಟಾರ್ಟರ್ ಒಂದು ಹದಕ್ಕೆ ಬಂದ ಮೇಲೆ ಮಿಕ್ಕಿದ್ದಕ್ಕೆ ಅಕ್ಕಿ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ದೋಸೆ ಹುಯ್ಯಿರಿ. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನೊಳಗೆ ಒಣಗಿದರೆ ಪ್ಲಂಬರನ್ನೇ ಕರೆಸಬೇಕು. ಪಾತ್ರೆ ತೊಳೆಯುವುದೂ ತಣ್ಣೀರಿನಲ್ಲೇ. ಬಿಸಿನೀರು ಬಿದ್ದರೆ ಹಿಟ್ಟು ಬೆಂದು ಅಂಟಾಗುತ್ತದೆ.

ಇನ್ನು ಥರ್ಮಾಮೀಟರಿನ ವಿಷಯ. ನಮ್ಮ ಕೈಗೆ ಸಿಗುವ ವಿಧಾನಗಳೆಲ್ಲ ಹೆಚ್ಚಾಗಿ 22ರಿಂದ 24 ಡಿಗ್ರಿಯ ಅಡುಗೆಮನೆಗೆ ಬರೆದವು. ‘ಕಲಸಿದ ಹಿಟ್ಟನ್ನು ರಾತ್ರಿಯಿಡೀ ಹೊರಗಿಡಿ’ ಎಂಬ ಸಾಲನ್ನು ಮೇ ತಿಂಗಳ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಪಾಲಿಸಿದರೆ, ಬೆಳಿಗ್ಗೆ ಏಳುವಷ್ಟರಲ್ಲಿ ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು. ಹುಳಿ ಹೆಚ್ಚಾದಂತೆ ಹಿಟ್ಟಿನಲ್ಲಿರುವ ಕಿಣ್ವಗಳು ಗ್ಲೂಟನ್ ಜಾಲವನ್ನು, ಅಂದರೆ ಉಬ್ಬಿದ ಹಿಟ್ಟನ್ನು ಹಿಡಿದಿಡುವ ಪ್ರೋಟೀನ್ ಬಲೆಯನ್ನು, ಕತ್ತರಿಸುತ್ತವೆ. ಒಮ್ಮೆ ಹರಿದದ್ದನ್ನು ಎಷ್ಟು ನಾದಿದರೂ ಹೊಲಿಯಲಾಗದು. ಅಂಥ ಹಿಟ್ಟನ್ನು ಎಣ್ಣೆ ಸವರಿದ ತಟ್ಟೆಗೆ ಸುರಿದು ಬೇಯಿಸಿ, ಇಟಲಿಯ ಚಪ್ಪಟೆ ಬ್ರೆಡ್ಡು ಫೊಕಾಚಿಯಾ ಮಾಡಿದ್ದೇ ಎಂದು ಗಂಭೀರವಾಗಿ ಬಡಿಸಿ. ಯಾರೂ ಕೇಳುವುದಿಲ್ಲ.

ಸೆಕೆಗಾಲಕ್ಕೆ ಉಪಾಯವಿದೆ. 500 ಗ್ರಾಂ ಹಿಟ್ಟಿಗೆ ಸಾಮಾನ್ಯವಾಗಿ 100 ಗ್ರಾಂ ಸ್ಟಾರ್ಟರ್, 10 ಗ್ರಾಂ ಉಪ್ಪು. ಸೆಕೆಯಲ್ಲಿ ಸ್ಟಾರ್ಟರನ್ನು 50 ಗ್ರಾಂಗೆ ಇಳಿಸಿ, ಫ್ರಿಜ್ಜಿನ ನೀರಲ್ಲಿ ಕಲಸಿ. ಅರ್ಧ ಗಂಟೆಗೊಮ್ಮೆ ನಾಲ್ಕು ಸಲ ಅಂಚು ಎಳೆದು ಮಡಚಿ, ಹಿಟ್ಟು ಒಂದೂವರೆ ಪಟ್ಟು ಆಗುತ್ತಿದ್ದಂತೆಯೇ ಉಂಡೆ ಕಟ್ಟಿ ಫ್ರಿಜ್ಜಿಗೆ ಸೇರಿಸಿ. ಎರಡು ಪಟ್ಟಾಗಲೆಂದು ಕಾಯುವವರಿಗೆ ಫೊಕಾಚಿಯಾವೇ ಗತಿ. ನೀರು 325 ಗ್ರಾಂನಿಂದ ಶುರು ಮಾಡಿ, ನಮ್ಮ ಮೈದಾ 350 ತಡೆಯುವುದು ಕಷ್ಟ. ಚಕ್ಕಿ ಗೋಧಿ ಹಿಟ್ಟಿನದು ಉಲ್ಟಾ ಕಥೆ: ಬೀಸುವಾಗಲೇ ಪಿಷ್ಟ ಜಜ್ಜಿರುವುದರಿಂದ ಎಷ್ಟು ನೀರು ಹೊಯ್ದರೂ ಕುಡಿಯುತ್ತದೆ, ತೌಡು ಬೇರೆ ಗ್ಲೂಟನ್‌ಗೆ ಅಡ್ಡ ಬರುತ್ತದೆ. ಪೂರ್ತಿ ಅದರಲ್ಲೇ ಮಾಡಿದ ಬ್ರೆಡ್ಡು ಬಾಗಿಲಿಗೆ ಒತ್ತು ಕೊಡಲು ಬಂದೀತು. ನಾಲ್ಕು ಪಾಲು ಮೈದಾಕ್ಕೆ ಒಂದು ಪಾಲು ಸಾಕು. ಉಂಡೆ ಇಡುವ ಬಟ್ಟೆಗೆ ಮಾತ್ರ ಅಕ್ಕಿ ಹಿಟ್ಟು ಉದುರಿಸಿ. ಮೈದಾ ಉದುರಿಸಿದರೆ ಅದೂ ಒದ್ದೆಯಾಗಿ ಅಂಟಿಕೊಂಡು, ಬ್ರೆಡ್ ಬಟ್ಟೆ ಸಮೇತ ಒಲೆಗೆ ಹೋಗುವ ಹಠ ಹಿಡಿಯುತ್ತದೆ.

ಡಿಸೆಂಬರಿನ ಬೆಂಗಳೂರಿನಲ್ಲಿ ಕಷ್ಟ ಬೇರೆ ಥರದ್ದು. ಹಿಟ್ಟು ಏಳುವುದೇ ಇಲ್ಲ. ಓವನ್ನಿನ ದೀಪ ಉರಿಸಿ, ಅದರ ಶಾಖದಲ್ಲಿ ಜಾಡಿ ಇಡುವುದು ಒಳ್ಳೆಯ ಉಪಾಯ. ಅದು ಒಳಗಿದೆ ಎಂದು ಗೊತ್ತಿಲ್ಲದ ಇನ್ನೊಬ್ಬರು ಕೇಕಿಗೆಂದು 180 ಡಿಗ್ರಿಗೆ ತಿರುಗಿಸುವವರೆಗೆ. 60 ಡಿಗ್ರಿಗೇ ಯೀಸ್ಟಿನ ಕಥೆ ಮುಗಿದಿರುತ್ತದೆ; ಉಳಿದ ಶಾಖವೆಲ್ಲ ಮುಚ್ಚಳ ಕರಗಿಸಲಿಕ್ಕೆ. ಓವನ್ನಿನ ಗುಬ್ಬಿಗೆ ಚೀಟಿ ಅಂಟಿಸಿ. ಒಂದು ಚಮಚ ಸ್ಟಾರ್ಟರನ್ನು ಬೇಕಿಂಗ್ ಪೇಪರ್ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಪುಡಿಮಾಡಿ ಡಬ್ಬಿಯಲ್ಲಿಡಿ, ತಿಂಗಳುಗಟ್ಟಲೆ ಕೆಡದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1849ರಲ್ಲಿ ಶುರುವಾದ ಬೂಡಿನ್ ಬೇಕರಿಯನ್ನು 1906ರ ಭೂಕಂಪದ ಕಾಲಕ್ಕೆ ನಡೆಸುತ್ತಿದ್ದ ಲೂಯಿಸ್ ಬೂಡಿನ್, ತಾಯಿಹಿಟ್ಟನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಉಳಿಸಿದರೆಂದು ಆ ಬೇಕರಿಯವರು ಇಂದಿಗೂ ಹೇಳುತ್ತಾರೆ. ಡಬ್ಬಿಯಲ್ಲಿ ಪುಡಿ ಇದ್ದಿದ್ದರೆ ಬಕೆಟ್ ಹೊರುವುದು ತಪ್ಪುತ್ತಿತ್ತು. ಆ ಊರಿನ ಹುಳಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು 1971ರಲ್ಲಿ ಗುರುತಿಸಿ ಊರಿನ ಹೆಸರನ್ನೇ ಇಟ್ಟರು. ಆಮೇಲೆ ನೋಡಿದರೆ ಅದು ಯುರೋಪಿನ ಹಿಟ್ಟುಗಳಲ್ಲೂ ಆರಾಮವಾಗಿತ್ತು.

ಬೇಯಿಸುವುದು ಸುಲಭ. ಮುಚ್ಚಳವಿರುವ ಬೀಡಿನ ಪಾತ್ರೆ ಕಾಯಿಸಿ 240 ಡಿಗ್ರಿಯಲ್ಲಿ ಮುಚ್ಚಿ 20 ನಿಮಿಷ, ತೆರೆದು ಇನ್ನೊಂದು 20. ಕಷ್ಟ ಇರುವುದು ಆಮೇಲೆ, ಚಾಕು ಹಿಡಿದು ನಿಂತವರನ್ನು ಒಂದು ಗಂಟೆ ತಡೆಯುವುದರಲ್ಲಿ. ಬಿಸಿಯಲ್ಲೇ ಕೊಯ್ದರೆ ಪಿಷ್ಟ ಗಟ್ಟಿಯಾಗಿರದೆ ಒಳಗೆಲ್ಲ ಅಂಟಂಟು.

ಇಷ್ಟೆಲ್ಲ ಒದ್ದಾಡಿ ಏನು ಲಾಭ? ನಿಧಾನ ಹುಳಿಯುವಾಗ, ಧಾನ್ಯದಲ್ಲಿ ಖನಿಜಗಳನ್ನು ಕಟ್ಟಿಹಾಕುವ ಫೈಟಿಕ್ ಆಮ್ಲ ಒಡೆದು ಕಬ್ಬಿಣ, ಸತು ಮೈಗೆ ಹತ್ತುವುದು ಸುಲಭವಾಗುತ್ತದೆ. ಹುಳಿ ಇರುವುದರಿಂದ ಬೂಸ್ಟು ಬೇಗ ಹಿಡಿಯದು. ಗ್ಲೂಟನ್ ಮಾಯವಾಗುತ್ತದೆ ಎಂಬುದು ಮಾತ್ರ ಸುಳ್ಳು, ಗ್ಲೂಟನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇದ್ದವರು ಇದನ್ನು ಮುಟ್ಟಲೇಬಾರದು.

ಊರಿಗೆ ಹೋಗುವಾಗ ಜಾಡಿಗೆ ಊಟ ಹಾಕಿ ಫ್ರಿಜ್ಜಿಗಿಟ್ಟರೆ ಎರಡು ವಾರ ಚಿಂತೆಯಿಲ್ಲ. ಮೇಲೆ ಬೂದು ನೀರು ನಿಂತಿದ್ದರೆ ಅದು ಹಸಿವು, ಬಸಿದು ಊಟ ಹಾಕಿ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ ಮಾತ್ರ, ಮುದ್ದಿನ ಹೆಸರಿಟ್ಟು ಸಾಕಿದ್ದರೂ ಸರಿ, ಪೂರ್ತಿ ಬಿಸಾಡಿ.