ಗೋಪುರಕ್ಕೆ ಒದಗಿದ ಸಂರಕ್ಷಣೆ

ಹಳೆಯ ಗಡಿಯಾರ ಗೋಪುರವನ್ನು ಸಂರಕ್ಷಿಸಬೇಕೆಂದು ಸಮಿತಿಯೊಂದು ನಿರ್ಧರಿಸಿತೆಂದರೆ, ಗೋಪುರಕ್ಕೆ ಕೆಟ್ಟ ಕಾಲ ಬಂತೆಂದೇ ತಿಳಿಯಬೇಕು. ಅಲ್ಲಿಯವರೆಗೆ ಮಳೆ, ಬಿಸಿಲು, ಪಾರಿವಾಳಗಳನ್ನು ತಾಳಿಕೊಂಡು ನಿಂತ ಕಟ್ಟಡಕ್ಕೆ ಅಂದಾಜುಪಟ್ಟಿಯನ್ನು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ.

ಮೊದಲ ಸೇವೆ ಗೋಡೆಗೆ ಸಲ್ಲುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತಾನು ಹೀರಿದ ತೇವವನ್ನು ಸಂದುಗಳ ಮೂಲಕ ಹೊರಗೆ ಬಿಟ್ಟು ಒಣಗುತ್ತದೆ. ಆ ಗಾರೆಯೋ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತಾ ಬಹಳ ನಿಧಾನವಾಗಿ ಗಟ್ಟಿಯಾಗುವಂಥದ್ದು. ಇಷ್ಟು ನಿಧಾನ ಸಮಿತಿಯ ಅವಧಿಗೆ ಹೊಂದುವುದಿಲ್ಲವಾದ್ದರಿಂದ ಸಿಮೆಂಟ್ ಗಿಲಾವು ಮಾಡಲಾಗುತ್ತದೆ. ತೇವಕ್ಕೆ ಹೊರದಾರಿ ಮುಚ್ಚಿ, ಅದರಲ್ಲಿದ್ದ ಲವಣಗಳು ಇಟ್ಟಿಗೆಯೊಳಗೇ ಹರಳುಗಟ್ಟಿ, ಇಟ್ಟಿಗೆ ಪುಡಿಯಾಗತೊಡಗುತ್ತದೆ. ಉದ್ಘಾಟನೆಯ ಛಾಯಾಚಿತ್ರದಲ್ಲಿ ಕಾಣುವುದು ಸಿಮೆಂಟು ಮಾತ್ರವಾದ್ದರಿಂದ ಇದು ದೋಷಗಳ ಪಟ್ಟಿಗೆ ಸೇರುವುದಿಲ್ಲ.

ಬಣ್ಣದ ವಿಷಯದಲ್ಲಿಯೂ ಅಷ್ಟೇ ಶ್ರದ್ಧೆ. ‘ಬಿಗ್ ಬೆನ್’ ಎಂದೇ ಹೆಸರಾದ ಲಂಡನ್ನಿನ ಗಡಿಯಾರ ಗೋಪುರ, ಎಲಿಜಬೆತ್ ಗೋಪುರವನ್ನು 2017ರಿಂದ 2022ರವರೆಗೆ ದುರಸ್ತಿ ಮಾಡಿದವರು ಬಣ್ಣದ ಪದರಗಳನ್ನು ಪರೀಕ್ಷಿಸಿ, ಮುಳ್ಳುಗಳ ಮೂಲ ಬಣ್ಣ ಕಪ್ಪಲ್ಲ, ಕಡುನೀಲಿ ಎಂದು ಕಂಡುಕೊಂಡರು. ಹೊಗೆಯ ಮಸಿ ಕಾಣದಿರಲೆಂದು 1930ರ ದಶಕದಲ್ಲಿ ಕಪ್ಪು ಬಳಿದಿದ್ದರಂತೆ. ಸಮಿತಿಗೆ ಇಂಥ ತೊಡಕಿಲ್ಲ: ಗುತ್ತಿಗೆದಾರರ ಗೋದಾಮಿನಲ್ಲಿ ಉಳಿದ ಬಣ್ಣವೇ ಮೂಲ ಬಣ್ಣ. ಊಹೆ ಆರಂಭವಾದಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ಸ್ಮಾರಕಗಳ ಸಂರಕ್ಷಣೆ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1964ರ ವೆನಿಸ್ ಸನ್ನದು ಹೇಳುತ್ತದೆ. ಇಲ್ಲಿ ಊಹೆ ಆರಂಭವಾದಲ್ಲಿಯೇ ಕಾಮಗಾರಿಯೂ ಆರಂಭ.

ಆದರೆ ನಿಜವಾದ ಪ್ರತಿಭೆ ಬೆಳಗುವುದು ಯಂತ್ರದ ಕೋಣೆಯಲ್ಲಿ. ಗೋಪುರದ ಎತ್ತರ ದೂರದವರಿಗೆ ಮುಖ ತೋರಿಸಲು ಮಾತ್ರವಲ್ಲ, ಗಡಿಯಾರವನ್ನು ನಡೆಸುವ ತೂಕಗಳು ದಿನಗಟ್ಟಲೆ ಮೆಲ್ಲಗೆ ಕೆಳಗಿಳಿಯುವುದಕ್ಕೂ ಒದಗುತ್ತದೆ. ಯಂತ್ರವನ್ನು ಕಳಚಿ, ಬಂಗಾರದ ಬಣ್ಣ ಬಳಿದು, ಗಾಜಿನ ಪೆಟ್ಟಿಗೆಯಲ್ಲಿಟ್ಟು, ‘ಮುಟ್ಟಬಾರದು’ ಎಂದು ಬರೆಸಿದ ಮೇಲೆ ತೂಕಗಳ ಜಾಗ ಖಾಲಿ ಉಳಿಯುತ್ತದೆ; ಅಲ್ಲಿಗೊಂದು ಲಿಫ್ಟ್ ಮಂಜೂರಾಗುತ್ತದೆ. ಮೇಲೆ ಹೋಗಿ ನೋಡಬೇಕಾದ ಯಂತ್ರ ಕೆಳಗಿದೆ ಎಂಬುದು ಬೇರೆ ಮಾತು. ಎಲಿಜಬೆತ್ ಗೋಪುರದ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯವೊಂದನ್ನು ಇಟ್ಟರೆ ಗಡಿಯಾರ ದಿನಕ್ಕೆ 0.4 ಸೆಕೆಂಡು ವೇಗ ಪಡೆಯುತ್ತದೆ. ಒಂದು ಪೆನ್ನಿಗೆ ಯಾರು ಟೆಂಡರ್ ಕರೆಯುತ್ತಾರೆ?

ಹಿಂದೆ ಒಂದೇ ಯಂತ್ರ ಸರಳು ಮತ್ತು ಹಲ್ಲುಚಕ್ರಗಳ ಮೂಲಕ ನಾಲ್ಕೂ ಮುಖಗಳ ಮುಳ್ಳುಗಳನ್ನು ತಿರುಗಿಸುತ್ತಿತ್ತು. ತಪ್ಪಿದರೂ ನಾಲ್ಕು ದಿಕ್ಕಿಗೆ ಒಂದೇ ತಪ್ಪು. ಈಗ ಮುಖಕ್ಕೊಂದು ಮೋಟಾರು ಬಂದಿದೆ. ಪೂರ್ವದಲ್ಲಿ ಹತ್ತಾದಾಗ ಪಶ್ಚಿಮದಲ್ಲಿ ಒಂಬತ್ತೂ ಮುಕ್ಕಾಲು. ಉತ್ತರದ ಮುಳ್ಳು ಇಳಿಯುವಾಗ ಚುರುಕಾಗಿ, ಏರುವಾಗ ಒಂಬತ್ತರ ಬಳಿ ಒಮ್ಮೆ ನಡುಗಿ ನಿಲ್ಲುತ್ತದೆ. ತಡವಾಗಿ ಬಂದ ನೌಕರರು ತಮಗೆ ಅನುಕೂಲವಾದ ದಿಕ್ಕಿನಿಂದ ಕಚೇರಿಗೆ ಬರಬಹುದೆಂಬ ಸೌಲಭ್ಯವನ್ನು ಯಾವ ಪೂರ್ವಜರೂ ಕಲ್ಪಿಸಿಕೊಂಡಿರಲಿಲ್ಲ.

ಬಾಗಿಲ ಪಕ್ಕದ ಕಲ್ಲುಫಲಕದಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು, ವಿಶೇಷ ಆಹ್ವಾನಿತರ ಹೆಸರುಗಳೆಲ್ಲ ಇವೆ. ಮೂಗಿಗಿಂತ ಮೂಗುತಿ ಭಾರವೆನಿಸಿದರೂ, ಇಡೀ ಕಾಮಗಾರಿಯಲ್ಲಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದು ಅದೊಂದನ್ನೇ ಎಂಬುದನ್ನು ಮೆಚ್ಚಲೇಬೇಕು.

ಗಿಲಾವಿನಲ್ಲಿ ಬಿರುಕು ಕಾಣಿಸಿಕೊಂಡಿದ್ದರಿಂದ ಸಿಮೆಂಟನ್ನು ಕೆತ್ತಿ ತೆಗೆಯುವ ಎರಡನೆಯ ಹಂತದ ಸಂರಕ್ಷಣೆಗೆ ಈಗ ಟೆಂಡರ್ ಕರೆಯಲಾಗಿದೆ. ಇದೇ ಗೋಪುರದಲ್ಲಿ ಕೆಲಸ ಮಾಡಿದ ಅನುಭವವಿದ್ದವರಿಗೆ ಆದ್ಯತೆ.